ಕನ್ನಡ ಮಾಧ್ಯಮವೂ ಡೆನ್ಮಾರ್ಕಿನ ಮೂರು ಪತ್ರಗಳೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಮನೆಗೆ ಬಂದು ಕೇಳಿದಾಗ, ಅವರ ನಿರೀಕ್ಷೆ ಏನಿತ್ತೆಂಬುದು ನನಗೆ ತಿಳಿಯದ್ದಲ್ಲ. ಮುಳಿಹುಲ್ಲಿನ ಮಾಡಿನ ಕೆಳಗೆ ಶಾಲೆ ಆರಂಭವಾದ ಬಗೆ, ಸ್ಥಳದಾನ ಮಾಡಿದ ಹಿರಿಯರ ಔದಾರ್ಯ, ಮಳೆಗಾಲದಲ್ಲಿ ತೋಡು ದಾಟಿ ಬರುತ್ತಿದ್ದ ಮಕ್ಕಳ ಕಷ್ಟ, ಇವನ್ನೆಲ್ಲ ನಾನು ಬರೆಯಬಹುದೆಂದು ಅವರು ಎಣಿಸಿದ್ದರು. ಆ ಕಾರ್ಯವನ್ನು ಇದೇ ಸಂಚಿಕೆಯಲ್ಲಿ ನನಗಿಂತ ಚೆನ್ನಾಗಿ ನಿರ್ವಹಿಸುವವರಿದ್ದಾರೆ. ನಾನು ಬರೆಯಹೊರಟಿರುವುದು ಮಹೋತ್ಸವದ ಪೂರ್ವಭಾವಿ ಸಭೆಯಲ್ಲಿ ಕೇಳಿಬಂದ ಒಂದು ಮಾತಿನ ಕುರಿತು.

ಆ ಸಭೆಯಲ್ಲಿ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಎದ್ದು ನಿಂತು ಹೀಗೆಂದರು: "ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ಹೊರಗೆ ಹೋದಾಗ ಬಾಯಿ ಬಿಡಲಾರದೆ ನಿಲ್ಲುತ್ತಾರೆ. ಇನ್ನು ಐವತ್ತು ವರ್ಷ ಶಾಲೆ ಉಳಿಯಬೇಕಾದರೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮವಾಗಲಿ." ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ಕಂಡು ನೊಂದು ಆಡಿದ ಮಾತು ಅದು, ಶಾಲೆಯ ಮೇಲಿನ ದ್ವೇಷದಿಂದ ಆಡಿದ್ದಲ್ಲ. ಇನ್ನೊಬ್ಬರು ಕೂಡಲೇ, "ನಮ್ಮ ಶಾಲೆಯಲ್ಲೇ ಕಲಿತು ಡೆನ್ಮಾರ್ಕಿಗೆ ಹೋಗಿ ದೊಡ್ಡ ಎಂಜಿನಿಯರ್ ಆದವನಿಲ್ಲವೇ?" ಎಂದು ಪ್ರತಿಯಾಡಿದರು. ಮೊದಲಿನವರು ಬಿಡಲಿಲ್ಲ. "ಅವನು ಮೇಲೆ ಬಂದದ್ದು ಸ್ವಂತ ಬುದ್ಧಿಯಿಂದ. ಕನ್ನಡ ಮಾಧ್ಯಮ ಅವನಿಗೆ ಹೊರೆಯಾಗಿತ್ತೇ ಹೊರತು ನೆರವಾಗಲಿಲ್ಲ" ಎಂದರು. ಸಭೆ ಎರಡು ಪಂಗಡವಾಯಿತು. ನಾನು ಅಂದು ಸುಮ್ಮನಿದ್ದೆ. ಸುಮ್ಮನಿದ್ದುದು ತಪ್ಪೆಂದು ಮನೆಗೆ ಬಂದ ಮೇಲೆ ಅನಿಸಿತು. ಏಕೆಂದರೆ ಆ ವಿದ್ಯಾರ್ಥಿ ಪರದೇಶದ ಮೊದಲ ವಾರಗಳಲ್ಲಿ ನನಗೆ ಬರೆದ ಮೂರು ಪತ್ರಗಳು ನನ್ನ ಪೆಟ್ಟಿಗೆಯಲ್ಲಿವೆ. ಅವನಿಗೆ ಅಲ್ಲಿ ನಿಜವಾಗಿ ಹೊರೆಯಾದುದು ಯಾವುದೆಂಬುದು ಆ ಪತ್ರಗಳಲ್ಲಿದೆ. ಅವನ ಒಪ್ಪಿಗೆ ಪಡೆದು, ಅವನ ಇಚ್ಛೆಯಂತೆ ಹೆಸರು ಹೇಳದೆ, ಅವುಗಳ ಸಾರವನ್ನು ಇಲ್ಲಿ ನಿವೇದಿಸುತ್ತೇನೆ.

ಆತ ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿದ್ದು 2003ರಲ್ಲಿ. ನಾನು ನಿವೃತ್ತನಾದುದೂ ಅದೇ ವರ್ಷ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಮಾತಾಡಿಕೊಂಡು ಬೆಳೆದ ಹುಡುಗ, ಕಾಸರಗೋಡಿನ ಎಲ್ಲ ಮಕ್ಕಳಂತೆ. ಪ್ಲಸ್ ಟು ಮತ್ತು ಎಂಜಿನಿಯರಿಂಗ್ ಮುಗಿಸಿ, ಎರಡು ವರ್ಷ ದುಡಿದು, ಬ್ಯಾಂಕಿನಿಂದ ಸಾಲ ಪಡೆದು 2011ರ ಆಗಸ್ಟ್ ತಿಂಗಳಿನಲ್ಲಿ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯಕ್ಕೆ ಪವನಶಕ್ತಿಯ ಸ್ನಾತಕೋತ್ತರ ವ್ಯಾಸಂಗಕ್ಕಾಗಿ ತೆರಳಿದ. ಹೊರಡುವ ಮುನ್ನ ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಪತ್ರ ಬರೆಯುತ್ತೇನೆ ಮಾಷ್ಟ್ರೇ" ಎಂದಿದ್ದ. ಬರೆದ, ಅದೂ ಅಚ್ಚುಕಟ್ಟಾದ ಕನ್ನಡದಲ್ಲಿ, ಅಂಚೆಯ ಮೂಲಕ.

ಮೊದಲನೆಯ ಪತ್ರದ ತುಂಬ ಬೆರಗು. ಕೋಪನ್‌ಹೇಗನ್ ನಗರದ ಉತ್ತರಕ್ಕಿರುವ ಲಿಂಗ್ಬಿ ಎಂಬ ಊರಿನಲ್ಲಿ ಅವನ ವಿದ್ಯಾಲಯ. ನಾವಿರುವುದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ. ಆ ನಗರವಿರುವುದು ಐವತ್ತೈದನ್ನೂ ಮೀರಿದ ಅಕ್ಷಾಂಶದಲ್ಲಿ. ಆಗಸ್ಟ್ ನಡುವಿನಲ್ಲಿ ಅಲ್ಲಿ ರಾತ್ರಿ ಎಂಟೂವರೆಯವರೆಗೂ ಸೂರ್ಯನಿರುತ್ತಾನೆ. "ದೀಪ ಹಚ್ಚುವ ಹೊತ್ತು ಬಂದೇ ಬರಲಿಲ್ಲವೆಂದು ಕಾದು ಕುಳಿತೆ; ಗಡಿಯಾರ ನೋಡಿದರೆ ನಮ್ಮ ಮನೆಯಲ್ಲಿ ಎಲ್ಲರೂ ಮಲಗಿರುವ ಸಮಯ" ಎಂದು ಬರೆದಿದ್ದ. ಬೇಸಿಗೆಯಲ್ಲಿ ಅವರ ಗಡಿಯಾರಕ್ಕೂ ನಮ್ಮದಕ್ಕೂ ಮೂರೂವರೆ ಗಂಟೆಗಳ ಅಂತರವಷ್ಟೆ.

ಹೋದ ಕೂಡಲೇ ನಗರಸಭೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಹತ್ತು ಅಂಕಿಗಳ ಒಂದು ಸಂಖ್ಯೆಯನ್ನು ಪಡೆಯಬೇಕು. ಮೊದಲ ಆರು ಅಂಕಿಗಳು ಹುಟ್ಟಿದ ದಿನಾಂಕ. ಕೊನೆಯ ಅಂಕಿ ಬೆಸವಾದರೆ ಗಂಡು, ಸಮವಾದರೆ ಹೆಣ್ಣು. ಆ ಸಂಖ್ಯೆಯಿಲ್ಲದೆ ಬ್ಯಾಂಕಿನ ವ್ಯವಹಾರವಾಗಲಿ, ವೈದ್ಯರ ಭೇಟಿಯಾಗಲಿ ಸುಗಮವಲ್ಲ. ಸಂಖ್ಯೆ ಬಂದ ಮೇಲೆ ವೈದ್ಯರ ಹೆಸರು ಮುದ್ರಿಸಿದ ಹಳದಿ ಬಣ್ಣದ ಆರೋಗ್ಯ ಚೀಟಿಯೊಂದು ಅಂಚೆಯಲ್ಲಿ ಬಂತಂತೆ. ಬಳಿಕ ಹಳೆಯ ಸೈಕಲ್ಲೊಂದನ್ನು ಕೊಂಡ. ಅಲ್ಲಿ ಸೈಕಲ್ಲುಗಳಿಗೆ ಪ್ರತ್ಯೇಕ ಹಾದಿಯಿದೆ, ಪ್ರತ್ಯೇಕ ಶಿಸ್ತೂ ಇದೆ. ತಿರುಗುವ ಮುನ್ನ ಕೈ ಚಾಚಬೇಕು, ನಿಲ್ಲುವ ಮುನ್ನ ಕೈ ಎತ್ತಬೇಕು, ಕತ್ತಲಾದೊಡನೆ ಹಿಂದೆ ಮುಂದೆ ದೀಪ ಉರಿಯಬೇಕು. ನೀರಿನ ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಒಂದರಿಂದ ಮೂರು ಕ್ರೋನರ್‌ವರೆಗೆ ಠೇವಣಿ ಹಿಂದಕ್ಕೆ ಬರುತ್ತದೆ. ರೈ ಎಂಬ ಧಾನ್ಯದ ಕಪ್ಪು ರೊಟ್ಟಿ ಮೊದಲ ದಿನ ಗಂಟಲಿನಲ್ಲಿ ಇಳಿಯಲಿಲ್ಲ. ಕುಚ್ಚಲಕ್ಕಿ ಸಿಗಲಿಲ್ಲ. ಆದರೆ ಬೆಳಗ್ಗೆ ಅವರು ಓಟ್ಸ್ ಧಾನ್ಯದ ಗಂಜಿಯನ್ನು ಉಣ್ಣುವುದನ್ನು ಕಂಡು, "ಗಂಜಿ ಉಣ್ಣುವ ಜನ, ಆದ್ದರಿಂದ ಹೆದರಬೇಕಾಗಿಲ್ಲ" ಎಂದು ತನ್ನ ತಾಯಿಗೆ ಹೇಳುವಂತೆ ನನಗೆ ಬರೆದಿದ್ದ.

ಡೇನಿಷ್ ಭಾಷೆಯ ವಿಷಯ ಒಂದು ಪುಟದಷ್ಟಿತ್ತು. ಪರದೇಶದಿಂದ ಬಂದವರಿಗೆ ಆ ನಾಡಿನ ಭಾಷೆಯನ್ನು ಕಲಿಸುವ ಸಂಜೆಯ ತರಗತಿಗಳಿದ್ದವು. ಎರಡನೆಯ ವಾರದಲ್ಲೇ ಅವನು ಸೇರಿಕೊಂಡ. ಬರೆದಂತೆ ಓದುವ ಭಾಷೆಯಲ್ಲ ಅದು. ಪದದ ಅರ್ಧವನ್ನು ಗಂಟಲಿನಲ್ಲೇ ನುಂಗುತ್ತಾರೆ. ಬರೆಯುವಾಗ 'ದ' ಎಂದಿರುವ ಅಕ್ಷರ ಅನೇಕ ಕಡೆ ನಮ್ಮ ಕಿವಿಗೆ 'ಲ'ಕಾರದಂತೆ ಕೇಳಿಸುತ್ತದೆ. ದ್ವೀಪಕ್ಕೆ ಒಂದೇ ಅಕ್ಷರದ ಪದ, ಹೊಳೆಗೆ ಇನ್ನೊಂದೇ ಅಕ್ಷರದ ಪದ. ಎಣಿಕೆಯಂತೂ ವಿಚಿತ್ರ. ಐವತ್ತಕ್ಕೆ ಅವರು 'ಹಾಲ್‌ಟ್ರೆಸ್' ಎನ್ನುತ್ತಾರೆ. ಬಿಡಿಸಿದರೆ 'ಮೂರನೆಯದರಲ್ಲಿ ಅರ್ಧ', ಅಂದರೆ ಎರಡೂವರೆ. ಎರಡೂವರೆ ಇಪ್ಪತ್ತುಗಳು ಸೇರಿದರೆ ಐವತ್ತು. ನಮ್ಮ ಶಾಲೆಯ ಈ ಹಬ್ಬ ಅವರ ಲೆಕ್ಕದಲ್ಲಿ ಎರಡೂವರೆ ಇಪ್ಪತ್ತರ ಹಬ್ಬ! ತರಗತಿಯಲ್ಲಿ ಒಂದೇ ಭಾಷೆಯ ಪರಿಸರದಲ್ಲಿ ಬೆಳೆದು ಬಂದ ಕೆಲವರು ಇದನ್ನೆಲ್ಲ ಕಂಡು ಗಾಬರಿಯಾದರೆ, ಇವನಿಗೆ ಅಷ್ಟು ಗಾಬರಿಯಾಗಲಿಲ್ಲ. "ಒಂದೇ ವಸ್ತುವಿಗೆ ಮೂರು ಹೆಸರಿರುವುದು ನಮಗೆ ಹುಟ್ಟಿನಿಂದ ಗೊತ್ತಿದೆಯಲ್ಲ ಮಾಷ್ಟ್ರೇ, ನಾಲ್ಕನೆಯದು ಇರಲಿ ಎಂದುಕೊಂಡೆ" ಎಂದಿದ್ದ. ಸಪ್ತಭಾಷೆಗಳ ಈ ನೆಲದ ಮಕ್ಕಳಿಗೆ ಯಾರೂ ಕಲಿಸದೆ ಬರುವ ಸಂಪತ್ತು ಇದು. ನಾವು ಅದನ್ನು ಅಂಕಪಟ್ಟಿಯಲ್ಲಿ ಬರೆಯುವುದಿಲ್ಲ, ಆದ್ದರಿಂದ ಅದು ನಮ್ಮ ಕಣ್ಣಿಗೆ ಕಾಣುವುದೂ ಇಲ್ಲ.

ಇಂಗ್ಲಿಷಿನ ವಿಚಾರವನ್ನು ಮುಚ್ಚಿಡಲಾರೆ. ಆ ಸ್ನಾತಕೋತ್ತರ ತರಗತಿಯ ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ಅದು ಅವನಿಗೆ ಕಷ್ಟವಾಯಿತೇ ಎಂದು ನಾನು ಪತ್ರದಲ್ಲಿ ಕೇಳಿದ್ದೆ. ಕಷ್ಟವಾದುದು ಪ್ಲಸ್ ಟು ತರಗತಿಯ ಮೊದಲ ಆರು ತಿಂಗಳು ಎಂದು ಅವನು ಉತ್ತರಿಸಿದ. ಆಗ ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪುಟವನ್ನೂ ಎರಡೆರಡು ಬಾರಿ ಓದಿದ್ದನಂತೆ, ಅತ್ತದ್ದೂ ಉಂಟಂತೆ. ಆದರೆ ವಿಷಯ ಮೊದಲೇ ಕನ್ನಡದಲ್ಲಿ ಮನಸ್ಸಿನಲ್ಲಿ ಕುಳಿತಿದ್ದುದರಿಂದ ಹುಡುಕಬೇಕಾಗಿದ್ದುದು ಪದಗಳನ್ನು ಮಾತ್ರ. ಆ ಗುಡ್ಡವನ್ನು ಅವನು ಹದಿನಾರನೆಯ ವಯಸ್ಸಿನಲ್ಲೇ ಹತ್ತಿ ಇಳಿದಿದ್ದ. ಅವನ ವಿದ್ಯಾಲಯ 1829ರಲ್ಲಿ ಸ್ಥಾಪನೆಯಾಗಲು ಕಾರಣರಾದವರು ಓರ್‌ಸ್ಟೆಡ್ ಎಂಬ ವಿಜ್ಞಾನಿ. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಓಲುತ್ತದೆಂದು 1820ರಲ್ಲಿ ಕಂಡುಹಿಡಿದವರು ಅವರೇ. ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಬ್ಯಾಟರಿ, ತಂತಿ, ದಿಕ್ಸೂಚಿ ಇಟ್ಟು ಮಾಡಿ ತೋರಿಸಿದ ಪ್ರಯೋಗ ತನಗೆ ಅಲ್ಲಿ ನೆನಪಾಯಿತೆಂದೂ, ಆ ನೆನಪು ಕನ್ನಡದಲ್ಲೇ ಬಂತೆಂದೂ ಅವನು ಬರೆದಿದ್ದ.

ಹಾಗಾದರೆ ಅವನು ಎಡವಿದ್ದೆಲ್ಲಿ? ಎರಡನೆಯ ಪತ್ರ ಅದನ್ನು ಹೇಳುತ್ತದೆ.

ಸೆಪ್ಟೆಂಬರ್ ಆರಂಭದಲ್ಲಿ ಪಾಠಗಳು ಶುರುವಾದವು. ಮೊದಲ ದಿನವೇ ಪ್ರಾಧ್ಯಾಪಕರು ತಮ್ಮನ್ನು ಮೊದಲ ಹೆಸರಿನಿಂದ ಕರೆಯಬೇಕೆಂದರು. ಸರ್ ಇಲ್ಲ, ಡಾಕ್ಟರ್ ಇಲ್ಲ, ಬರಿಯ ಹೆಸರು. ಅಲ್ಲಿ ಅದೇ ವಾಡಿಕೆ. ಡೇನಿಷ್ ಭಾಷೆಯಲ್ಲಿ ಗೌರವದ ಬಹುವಚನವೊಂದು ಇದ್ದರೂ ದಿನನಿತ್ಯದ ಬಳಕೆಯಿಂದ ಅದು ಬಹುಮಟ್ಟಿಗೆ ಮರೆಯಾಗಿದೆ. ತಂದೆಯ ವಯಸ್ಸಿನ ಗುರುಗಳನ್ನು ಹೆಸರು ಹಿಡಿದು ಕರೆಯಲು ಇವನ ನಾಲಿಗೆ ಏಳಲಿಲ್ಲ. ಎರಡು ವಾರ ಅವರನ್ನು ಏನೆಂದೂ ಕರೆಯದೆಯೇ ಕಳೆದನಂತೆ. ಅವರು ತನ್ನತ್ತ ನೋಡುವವರೆಗೆ ಕಾಯುವುದು, ನೋಡದಿದ್ದರೆ ಪ್ರಶ್ನೆಯನ್ನು ನುಂಗಿಕೊಳ್ಳುವುದು.

ಬಳಿಕ ಐದು ಮಂದಿಯ ಗುಂಪು ಮಾಡಿ ಒಂದು ಕೆಲಸ ಕೊಟ್ಟರು. ಒಂದು ಸ್ಥಳದಲ್ಲಿ ಬೀಸುವ ಗಾಳಿಯಲ್ಲಿ ಎಷ್ಟು ಶಕ್ತಿಯಿದೆಯೆಂದು ಅಂದಾಜು ಮಾಡುವುದು. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು. ಗುಂಪಿನ ಗೆಳೆಯರು ಬೇರೆ ಬೇರೆ ವಿಷಯಗಳಿಂದ ಬಂದವರು. ಅವರು ವೇಗದ ಸರಾಸರಿ ತೆಗೆದು ಅದರ ಘನವನ್ನು ಲೆಕ್ಕಹಾಕಿದರು. ಇದು ತಪ್ಪು. ಒಂದು ಕಡೆ ಅರ್ಧ ಹೊತ್ತು ಸೆಕೆಂಡಿಗೆ 4 ಮೀಟರ್, ಅರ್ಧ ಹೊತ್ತು 8 ಮೀಟರ್ ವೇಗದಲ್ಲಿ ಗಾಳಿ ಬೀಸುತ್ತದೆಂದು ಇಟ್ಟುಕೊಳ್ಳಿ. ಸರಾಸರಿ 6, ಅದರ ಘನ 216. ಆದರೆ ನಾಲ್ಕರ ಘನ 64, ಎಂಟರ ಘನ 512. ಇವೆರಡರ ಸರಾಸರಿ 288. ಮೂರನೆಯ ಒಂದು ಭಾಗದಷ್ಟು ವ್ಯತ್ಯಾಸ! ಇದು ಅವನಿಗೆ ಮೊದಲ ಗಂಟೆಯಲ್ಲೇ ಹೊಳೆದಿತ್ತು. ಕಾಗದದ ಅಂಚಿನಲ್ಲಿ ಬರೆದೂ ಇಟ್ಟಿದ್ದ. ಆದರೆ ಬಾಯಿ ತೆರೆಯಲಿಲ್ಲ. ಉಳಿದವರು ಅಷ್ಟು ಧೈರ್ಯದಿಂದ ಮಾತಾಡುತ್ತಿರುವಾಗ ತನ್ನದೇ ತಪ್ಪಿರಬೇಕೆಂದುಕೊಂಡ. ಮೂರು ದಿನ ಐವರೂ ತಪ್ಪು ಲೆಕ್ಕದ ಮೇಲೆ ದುಡಿದರು. ಕೊನೆಗೆ ಪ್ರಾಧ್ಯಾಪಕರು ತಪ್ಪನ್ನು ತೋರಿಸಿದಾಗ ಜೊತೆಗಾರನೊಬ್ಬ ಇವನ ಕಾಗದದ ಅಂಚನ್ನು ಕಂಡ. "ನಿನಗೆ ಗೊತ್ತಿತ್ತು. ಏಕೆ ಹೇಳಲಿಲ್ಲ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ.

"ಇಂಗ್ಲಿಷ್ ಬಾರದೆ ಸುಮ್ಮನಿದ್ದೆನೆಂದು ಅವರು ತಿಳಿದರು ಮಾಷ್ಟ್ರೇ. ಹಾಗೆಯೇ ತಿಳಿಯಲಿ ಎಂದು ಬಿಟ್ಟೆ. ಆದರೆ ಕಾರಣ ಅದಲ್ಲ. ಆ ಲೆಕ್ಕ ಹೇಳಲು ಹತ್ತು ಪದ ಸಾಕಿತ್ತು. ಎದ್ದು ಹೇಳುವ ಅಭ್ಯಾಸವೇ ನನಗಿಲ್ಲ." ಎರಡನೆಯ ಪತ್ರ ಇಲ್ಲಿಗೆ ಮುಗಿಯುತ್ತದೆ.

ಈ ಪತ್ರವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂದರೆ ಆ ಹುಡುಗ ಎದ್ದು ಹೇಳಿದ್ದ ದಿನವೊಂದು ಇತ್ತು. ಅವನು ಒಂಬತ್ತನೆಯ ತರಗತಿಯಲ್ಲಿದ್ದಾಗ ಗಣಿತದ ಅಧ್ಯಾಪಕರು ರಜೆಯಲ್ಲಿದ್ದ ಒಂದು ದಿನ ಪಾಠಕ್ಕೆ ನಾನು ಹೋಗಿದ್ದೆ. ಒಬ್ಬನು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ 6 ಕಿಲೋಮೀಟರ್ ವೇಗದಲ್ಲಿ ಹಿಂದಿರುಗಿದರೆ ಸರಾಸರಿ ವೇಗವೆಷ್ಟು? ಅವಸರದಲ್ಲಿ ಕರಿಹಲಗೆಯ ಮೇಲೆ 5 ಎಂದು ಬರೆದೆ. ಹಿಂದಿನ ಬೆಂಚಿನಿಂದ ಅವನು ಎದ್ದು, "4.8 ಅಲ್ಲವೇ ಮಾಷ್ಟ್ರೇ?" ಎಂದ. ದಾರಿ 12 ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಲು 3 ಗಂಟೆ, ಬರಲು 2 ಗಂಟೆ. 24ನ್ನು 5ರಿಂದ ಭಾಗಿಸಿದರೆ 4.8. ಅವನ ಉತ್ತರವೇ ಸರಿ. ಆದರೆ ನಲವತ್ತು ಮಕ್ಕಳ ಎದುರಿನಲ್ಲಿ ಮುಖ್ಯೋಪಾಧ್ಯಾಯನಿಗೆ ಅದು ರುಚಿಸಲಿಲ್ಲ. "ಅಧಿಕಪ್ರಸಂಗ ಬೇಡ, ಕುಳಿತುಕೋ" ಎಂದೆ. ರಾತ್ರಿ ಮನೆಯಲ್ಲಿ ಲೆಕ್ಕ ಮಾಡಿ ನೋಡಿ, ಮರುದಿನ ಅದೇ ತರಗತಿಗೆ ಹೋಗಿ ಸರಿಯಾದ ಉತ್ತರವನ್ನು ಬರೆದೆ. ಆದರೆ ಅದು ನಿನ್ನೆ ಅವನು ಹೇಳಿದ ಉತ್ತರವೆಂದು ಹೇಳಲಿಲ್ಲ. ಆ ಹುಡುಗ ಮತ್ತೆಂದೂ ನನ್ನ ತರಗತಿಯಲ್ಲಿ ಕೈ ಎತ್ತಿದ್ದು ನನಗೆ ನೆನಪಿಲ್ಲ. ಶಾಂತನಾದ, ವಿಧೇಯ ವಿದ್ಯಾರ್ಥಿಯೆಂದು ಅವನ ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಿದವನೂ ನಾನೇ.

ಸಭೆಯಲ್ಲಿ ಮಾತಾಡಿದ ಮಿತ್ರರಿಗೆ ನನ್ನ ಉತ್ತರ ಇದು. ಕನ್ನಡ ಮಾಧ್ಯಮದ ಮಕ್ಕಳು ಹೊರಗೆ ಹೋದಾಗ ಬಾಯಿ ಬಿಡುವುದಿಲ್ಲವೆಂಬ ಅವರ ಮಾತು ಸುಳ್ಳಲ್ಲ. ಆದರೆ ಆ ಬಾಯಿಯನ್ನು ಕಟ್ಟಿದ್ದು ಕನ್ನಡವಲ್ಲ, ನಾವು. ಒಳ್ಳೆಯ ತರಗತಿಯೆಂದರೆ ಸದ್ದಿಲ್ಲದ ತರಗತಿಯೆಂದು ನಾವು ತಿಳಿದೆವು. ಮೌನವನ್ನೇ ವಿನಯವೆಂದು ಭ್ರಮಿಸಿದೆವು. ಮಾತೃಭಾಷೆಯಲ್ಲಿ, ಪರಿಸರದ ಭಾಷೆಯಲ್ಲಿ ಮಗು ಕಲಿಯಬೇಕೆಂದು ಹೇಳುವುದಾದರೂ ಏಕೆ? ತನಗೆ ತಿಳಿಯದ್ದನ್ನು ಅಳುಕಿಲ್ಲದೆ ಕೇಳಲು, ತಿಳಿದುದನ್ನು ತಡೆಯಿಲ್ಲದೆ ಹೇಳಲು. ಕೇಳಲೂ ಹೇಳಲೂ ಬಿಡದೆ, ಬರೆಸಿ ಬಾಯಿಪಾಠ ಮಾಡಿಸುವುದಷ್ಟೇ ಆದರೆ ಕನ್ನಡ ಮಾಧ್ಯಮಕ್ಕಿರುವ ಅತಿ ದೊಡ್ಡ ಅನುಕೂಲವನ್ನು ನಾವೇ ಬಾಗಿಲಿನಾಚೆ ಇಟ್ಟಂತೆ. ಅದೇ ಮೌನವನ್ನು ಇಂಗ್ಲಿಷಿನಲ್ಲಿ ಕಲಿಸಿದರೆ ಮಕ್ಕಳು ಇಂಗ್ಲಿಷಿನಲ್ಲಿ ಸುಮ್ಮನಿರುತ್ತಾರೆ, ಅಷ್ಟೇ ವ್ಯತ್ಯಾಸ.

ಮೂರನೆಯ ಪತ್ರ ಬಂದದ್ದು ಅಕ್ಟೋಬರಿನಲ್ಲಿ. ಅದರಲ್ಲೊಂದು ಕಥೆಯಿದೆ, ಗಡಿನಾಡಿನವರಾದ ನಾವು ತಿಳಿದಿರಬೇಕಾದ ಕಥೆ. ಪವನಶಕ್ತಿಯ ಇತಿಹಾಸವನ್ನು ಹೇಳುವಾಗ ಪ್ರಾಧ್ಯಾಪಕರು ಪೌಲ್ ಲ ಕೂರ್ ಎಂಬವರ ಹೆಸರನ್ನು ಎತ್ತಿದರಂತೆ. ಇವರು ದೊಡ್ಡ ಕಾರ್ಖಾನೆಯ ಒಡೆಯರಲ್ಲ, ಆಸ್ಕೋವ್ ಎಂಬ ಹಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. 1891ರಲ್ಲಿ ಆ ಶಾಲೆಯ ಬಳಿ ಗಾಳಿಗಿರಣಿಯೊಂದನ್ನು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸಿದರು. ಗಾಳಿ ಬೀಸದ ಹೊತ್ತಿಗೆಂದು ಆ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಸಂಗ್ರಹಿಸಿ, ಅದರಿಂದ ಶಾಲೆಗೆ ಬೆಳಕು ಕೊಟ್ಟರು. ಹಳ್ಳಿಯ ಹುಡುಗರನ್ನು ಕರೆದು ವಿದ್ಯುತ್ ಕೆಲಸ ಕಲಿಸಿದರು. ಅವರ ಶಿಷ್ಯರಲ್ಲೊಬ್ಬರಾದ ಯೊಹಾನ್ನೆಸ್ ಯೂಲ್ 1957ರಲ್ಲಿ ಗೆಡ್ಸರ್ ಎಂಬಲ್ಲಿ ನಿರ್ಮಿಸಿದ 200 ಕಿಲೋವಾಟಿನ ಮೂರು ರೆಕ್ಕೆಯ ಯಂತ್ರ ಮುಂದಿನ ಪವನಯಂತ್ರಗಳಿಗೆ ಮಾದರಿಯಾಯಿತು. ಸಮುದ್ರದಲ್ಲಿ ಪವನಯಂತ್ರಗಳ ಸಾಲನ್ನು ಜಗತ್ತಿನಲ್ಲಿ ಮೊದಲು ನೆಟ್ಟದ್ದೂ ಆ ದೇಶವೇ, 1991ರಲ್ಲಿ, ವಿಂಡೆಬಿ ಎಂಬಲ್ಲಿ. ಇಂದು ಅಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಅರ್ಧದಷ್ಟು ಗಾಳಿಯಿಂದ ಬರುತ್ತಿದೆ.

ನಮ್ಮ ಹುಡುಗ ಇಷ್ಟಕ್ಕೆ ನಿಲ್ಲಲಿಲ್ಲ. ಹಳ್ಳಿಯ ಶಾಲೆಯೊಂದರಲ್ಲಿ ಇಂಥದು ಹೇಗೆ ಸಾಧ್ಯವಾಯಿತೆಂದು ಗ್ರಂಥಾಲಯದಲ್ಲಿ ಹುಡುಕಿದ. ಆಸ್ಕೋವಿನದು ಮಾಮೂಲಿ ಶಾಲೆಯಲ್ಲ. ಅದು ಜನತಾ ಪ್ರೌಢಶಾಲೆ. ಗ್ರುಂಟ್ವಿಗ್ (1783–1872) ಎಂಬ ಪಾದ್ರಿ, ಕವಿ ಇಂಥ ಶಾಲೆಗಳ ಕಲ್ಪನೆಯನ್ನು ಕೊಟ್ಟವರು. ಲ್ಯಾಟಿನ್ ಬಾಯಿಪಾಠ ಮಾಡಿಸುವ ಶಾಲೆಗಳನ್ನು ಅವರು ಕಟುವಾಗಿ ಖಂಡಿಸಿದ್ದರು. ರೈತರ ಮಕ್ಕಳು ತಮ್ಮ ಭಾಷೆಯಲ್ಲಿ, ಪರೀಕ್ಷೆಯ ಭಯವಿಲ್ಲದೆ, ಪುಸ್ತಕಕ್ಕಿಂತ ಹೆಚ್ಚಾಗಿ ಬಾಯಿಮಾತಿನಿಂದ, ಗುರುಶಿಷ್ಯರ ಸಂವಾದದಿಂದ ಕಲಿಯಬೇಕೆಂಬುದು ಅವರ ಬಯಕೆ. ಇಂಥ ಮೊದಲ ಶಾಲೆ ತೆರೆದದ್ದು 1844ರಲ್ಲಿ, ರೊಡಿಂಗ್ ಎಂಬ ಊರಿನಲ್ಲಿ. ಆ ಊರು ಇದ್ದದ್ದು ಡೇನಿಷ್ ಮತ್ತು ಜರ್ಮನ್ ಭಾಷೆಗಳೆರಡೂ ಬೆರೆತ ಶ್ಲೆಸ್ವಿಗ್ ಎಂಬ ಗಡಿನಾಡಿನಲ್ಲಿ. ಅಲ್ಲಿ ಡೇನಿಷ್ ಭಾಷೆಯನ್ನು ಉಳಿಸಿ ಬೆಳೆಸುವುದು ಆ ಶಾಲೆಯ ಉದ್ದೇಶವಾಗಿತ್ತು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ಶ್ಲೆಸ್ವಿಗ್ ಕೈತಪ್ಪಿತು. ಆಗ ಆ ಶಾಲೆಯ ಗುರುಗಳು ಹೊಸ ಗಡಿಯ ಉತ್ತರಕ್ಕೆ ಬಂದು 1865ರಲ್ಲಿ ಕಟ್ಟಿದ ಶಾಲೆಯೇ ಆಸ್ಕೋವ್! ಅಂದರೆ ಜಗತ್ತಿಗೆ ಗಾಳಿಯಿಂದ ವಿದ್ಯುತ್ತು ಮಾಡಲು ಕಲಿಸಿದ ಆ ಶಾಲೆ ಮೂಲದಲ್ಲಿ ಒಂದು ಗಡಿನಾಡ ಭಾಷಾಶಾಲೆ. "ನಮ್ಮಂಥದೇ ಶಾಲೆ ಮಾಷ್ಟ್ರೇ" ಎಂದು ಆ ಸಾಲಿನ ಕೆಳಗೆ ಗೆರೆ ಎಳೆದಿದ್ದ.

ಆ ಗಡಿಯ ಮುಂದಿನ ಕಥೆಯನ್ನೂ ಹೇಳಬೇಕು. 1920ರಲ್ಲಿ ಜನಮತ ಪಡೆದು ಉತ್ತರ ಭಾಗವನ್ನು ಡೆನ್ಮಾರ್ಕಿಗೆ ಸೇರಿಸಿದರು. ದಕ್ಷಿಣ ಭಾಗ ಜರ್ಮನಿಯಲ್ಲೇ ಉಳಿಯಿತು. ಎರಡೂ ಕಡೆ ಅಲ್ಪಸಂಖ್ಯಾತರು ಉಳಿದರು. ಜರ್ಮನಿಯ ಫ್ಲೆನ್ಸ್‌ಬರ್ಗ್ ಮುಂತಾದ ಕಡೆ ಡೇನಿಷ್ ಶಾಲೆಗಳು ಇಂದಿಗೂ ನಡೆಯುತ್ತಿವೆ, ಡೆನ್ಮಾರ್ಕಿನಲ್ಲಿ ಜರ್ಮನ್ ಶಾಲೆಗಳು. 1955ರಲ್ಲಿ ಎರಡೂ ಸರಕಾರಗಳು ಘೋಷಣೆ ಹೊರಡಿಸಿ, ಯಾರು ಯಾವ ಸಮುದಾಯಕ್ಕೆ ಸೇರಿದವರೆಂದು ಹೇಳಿಕೊಳ್ಳುವುದು ಅವರವರ ಸ್ವಾತಂತ್ರ್ಯ, ಅಧಿಕಾರಿಗಳು ಅದನ್ನು ಪ್ರಶ್ನಿಸಕೂಡದೆಂದು ಒಪ್ಪಿಕೊಂಡವು. 1956ರ ನವೆಂಬರ್ 1ರಂದು ನಮ್ಮ ಊರು ಕೇರಳಕ್ಕೆ ಸೇರಿದಾಗ ನಾನು ಸಣ್ಣ ಹುಡುಗ. ಆ ಬಳಿಕ ನಾವು ಮಾಡಿದ ಹೋರಾಟಗಳನ್ನು, ಮಹಾಜನ ವರದಿಗಾಗಿ ಕಾದ ವರ್ಷಗಳನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಅವೆಲ್ಲವೂ ಅಗತ್ಯವಾಗಿದ್ದವು. ಆದರೆ ಶಾಲೆಯ ಹೊರಗೆ ಭಾಷೆಗಾಗಿ ಅಷ್ಟು ಗಟ್ಟಿಯಾಗಿ ಮಾತಾಡಿದ ನಾವು, ಶಾಲೆಯ ಒಳಗೆ ಮಕ್ಕಳಿಗೆ ಅದೇ ಭಾಷೆಯಲ್ಲಿ ಮಾತಾಡಲು ಬಿಡಲಿಲ್ಲವೆಂಬ ವ್ಯಥೆ ನನ್ನದು.

ಹಾಗೆಂದು ಇಂಗ್ಲಿಷ್ ಬೇಡವೆಂದು ನಾನು ಹೇಳುವವನಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾದ ನನಗೆ ಇಂಗ್ಲಿಷ್ ಸರಿಯಾಗಿ ಬಾರದ ಸಂಕಟವೇನೆಂದು ಗೊತ್ತಿದೆ. ಇಲ್ಲೂ ಡೇನರ ಮಾದರಿ ನಮಗೆ ಸಲ್ಲುತ್ತದೆ. ಇಂದು ಅವರ ಜನಸಂಖ್ಯೆ ಸುಮಾರು 60 ಲಕ್ಷ. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 2011ರ ಜನಗಣತಿಯಲ್ಲಿ ನಾಲ್ಕು ಕೋಟಿಗೂ ಮಿಕ್ಕಿ. ಅಷ್ಟು ಸಣ್ಣ ಭಾಷೆಯ ಆ ಜನ ಮಕ್ಕಳ ಸಾಮಾನ್ಯ ಶಾಲೆಯನ್ನು ಡೇನಿಷ್ ಭಾಷೆಯಲ್ಲೇ ನಡೆಸುತ್ತಾರೆ. ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುತ್ತಾರೆ. 2014ರಿಂದ ಒಂದನೆಯ ತರಗತಿಯಲ್ಲೇ ಆರಂಭಿಸುತ್ತಾರೆ. ಆದರೂ ಅಲ್ಲಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯೂ ಇವನೊಂದಿಗೆ ನಿರರ್ಗಳವಾಗಿ ಇಂಗ್ಲಿಷ್ ಮಾತಾಡಿದಳಂತೆ. ಭಾಷೆಯೊಂದನ್ನು ಚೆನ್ನಾಗಿ ಕಲಿಸಬೇಕಾದರೆ ಎಲ್ಲ ವಿಷಯಗಳನ್ನೂ ಅದರಲ್ಲೇ ಬೋಧಿಸಬೇಕೆಂಬ ನಮ್ಮ ನಂಬಿಕೆಗೆ ಆಧಾರವಿಲ್ಲ. ಇಂಗ್ಲಿಷನ್ನು ಇಂಗ್ಲಿಷಾಗಿ, ಮಾತಾಡಿಸಿ ಕಲಿಸಬಲ್ಲ ಒಳ್ಳೆಯ ಅಧ್ಯಾಪಕರು ಬೇಕು. ಮಹೋತ್ಸವದ ನಿಧಿಯಲ್ಲಿ ಮಹಾದ್ವಾರ ಕಟ್ಟುವ ಬದಲು ಅಂಥ ಒಬ್ಬರ ಸಂಬಳಕ್ಕೆ ವ್ಯವಸ್ಥೆ ಮಾಡಿದರೆ ಶಾಲೆಗೆ ಹೆಚ್ಚಿನ ಶೋಭೆ ಬಂದೀತು.

ಇನ್ನೆರಡು ಸೂಚನೆಗಳನ್ನು ಆಡಳಿತ ಮಂಡಳಿಯ ಮುಂದಿಡುತ್ತೇನೆ. ವಾರಕ್ಕೊಂದು ಪೀರಿಯಡ್ ಮಕ್ಕಳು ಕೇಳುವುದಕ್ಕೆಂದೇ ಮೀಸಲಾಗಲಿ. ಆ ಹೊತ್ತು ಅಧ್ಯಾಪಕರು ಪ್ರಶ್ನೆ ಕೇಳಕೂಡದು, ಮಕ್ಕಳು ಮಾತ್ರ ಕೇಳಬೇಕು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವ ಹೊಣೆ ಅಧ್ಯಾಪಕರದು. ಎರಡನೆಯದು, ಡೆನ್ಮಾರ್ಕಿನ ವಿದ್ಯಾಲಯಗಳಲ್ಲಿ ಬಾಯಿಮಾತಿನ ಪರೀಕ್ಷೆಗಳು ಹೇರಳ. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ವಿದ್ಯಾರ್ಥಿ ತಾನು ತಿಳಿದುದನ್ನು ವಿವರಿಸಬೇಕು. ನಮ್ಮಲ್ಲೂ ಪ್ರತಿ ಮಗು ವರ್ಷಕ್ಕೆರಡು ಬಾರಿ ಒಂದು ಲೆಕ್ಕವನ್ನೋ ಪ್ರಯೋಗವನ್ನೋ ಹೊರಗಿನವರೊಬ್ಬರಿಗೆ ಐದು ನಿಮಿಷ ಕನ್ನಡದಲ್ಲಿ ವಿವರಿಸಲಿ. ಹೊರಗಿನವರು ಹಳೆ ವಿದ್ಯಾರ್ಥಿಗಳಾದ ನೀವೇ ಆಗಬಹುದು. ಇದಕ್ಕೆ ಸರಕಾರದ ಆದೇಶವೂ ಬೇಡ, ಹಣವೂ ಬೇಡ.

ಮೂರನೆಯ ಪತ್ರದ ಕೊನೆಯಲ್ಲಿ ಇನ್ನೊಂದು ಸಣ್ಣ ಸಂಗತಿಯಿತ್ತು. ಐದನೆಯ ವಾರ ಅವನು ತರಗತಿಯಲ್ಲಿ ಕೈ ಎತ್ತಿದನಂತೆ. ಪ್ರಾಧ್ಯಾಪಕರನ್ನು ಹೆಸರಿನಿಂದಲೇ ಕರೆದು ಒಂದು ಪ್ರಶ್ನೆ ಕೇಳಿದ. ಅವರು ಸ್ವಲ್ಪ ಹೊತ್ತು ಯೋಚಿಸಿ, "ನನಗೆ ಗೊತ್ತಿಲ್ಲ, ನೋಡಿಕೊಂಡು ಬರುತ್ತೇನೆ" ಎಂದರು. ಮುಂದಿನ ವಾರ ಉತ್ತರದೊಡನೆ ಬಂದು, ಇದು ಕಳೆದ ವಾರ ಇವರು ಕೇಳಿದ ಪ್ರಶ್ನೆಯೆಂದು ಎಲ್ಲರೆದುರು ಅವನ ಹೆಸರನ್ನು ಹೇಳಿ ಪಾಠ ಆರಂಭಿಸಿದರು. ಇದನ್ನು ಬರೆಯುವಾಗ ಅವನಿಗೆ ನನ್ನ ಕರಿಹಲಗೆಯ ಲೆಕ್ಕ ನೆನಪಿತ್ತೋ ಇಲ್ಲವೋ ತಿಳಿಯದು. ಇದ್ದರೂ ಬರೆಯುವವನಲ್ಲ. ಅಷ್ಟು ವಿನಯವನ್ನು ನಾವು ಅವನಿಗೆ ಕಲಿಸಿದ್ದೆವು.

ಈ ಸಂಚಿಕೆಯ ಪ್ರತಿಯೊಂದು ಅವನಿಗೂ ತಲುಪುತ್ತದೆ. ಆದುದರಿಂದ ಅಂದು ಮರುದಿನ ಹೇಳಬೇಕಾಗಿದ್ದ ಮಾತನ್ನು ಇಷ್ಟು ವರ್ಷಗಳ ಬಳಿಕ, ಶಾಲೆಯ ಎಲ್ಲ ಬಂಧುಗಳ ಎದುರಿನಲ್ಲಿ ಹೇಳುತ್ತಿದ್ದೇನೆ: ಮಗೂ, ನಿನ್ನ ಉತ್ತರವೇ ಸರಿ, ತಪ್ಪಿದವನು ನಾನು.

ಮುಂದಿನ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯ ಹಿಂದಿನ ಬೆಂಚಿನಿಂದ ಎದ್ದು ನಿಲ್ಲುವ ಮಕ್ಕಳಿಗೆ ಇಂಥ ಮಾತು ಅದೇ ದಿನ ಕೇಳಿಸುವಂತಾಗಲಿ. ಶಾಲೆಗೆ ಶುಭವಾಗಲಿ.